ಸುಮ್ಮನಿದ್ದವರ ಅಪರಾಧ

ಮಾರ್ಚ್ ೧೪, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ಇಷ್ಟು ದಿನದ ಮೇಲೆ ನನ್ನ ಕಾಗದ ಕಂಡು ಗಾಬರಿಯಾಗಬೇಡ, ಮೈ ಹುಷಾರಾಗಿದೆ. ಮನಸ್ಸು ಮಾತ್ರ ಹದಿನೈದು ದಿನದಿಂದ ಒಂದು ಕಡೆ ನಿಂತಿಲ್ಲ. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದದ್ದನ್ನು ನಾನೇ ಅಳಿಸಿಬಿಡುತ್ತೇನೆ.

ನಾನು ಪಾಠ ಮಾಡುತ್ತಿದ್ದ ತತ್ತ್ವಶಾಸ್ತ್ರ ವಿಭಾಗ ಮುಚ್ಚಿದ ವರ್ಷ ನನ್ನ ತರಗತಿಯಲ್ಲಿ ಮೂವರೇ ಇದ್ದರು. ಅವರಲ್ಲೊಬ್ಬ ಬರುತ್ತಿದ್ದದ್ದು ಫ್ಯಾನಿನ ಗಾಳಿಗೆ. ಮೂವತ್ತೈದಕ್ಕೆ ಕಾನೂನು ಓದಲು ಕೂತೆ. ಸಹಪಾಠಿಗಳು ಅಜ್ಜಿ ಎನ್ನುತ್ತಿದ್ದರು. ಕಾನೂನು ಕಾಲೇಜಿನಲ್ಲಿ ಪಾಠ ಮಾಡಲು ಸೇರಿದ ಮೇಲೆ ನಾನು ನಾಲ್ಕು ಜನಕ್ಕೆ ಗೊತ್ತಾದದ್ದು ‘ಸುಮ್ಮನಿದ್ದವರ ಅಪರಾಧ’ ಎಂಬ ಒಂದೇ ಲೇಖನದಿಂದ. ಕೆಡುಕು ತಿಳಿದೂ ಬಾಯಿಬಿಡದವರು ಅದನ್ನು ಮಾಡಿದವರಷ್ಟೇ ತಪ್ಪಿತಸ್ಥರು ಎಂದು ವಾದಿಸಿದ್ದೆ. ಹನ್ನೆರಡು ವರ್ಷ ಅದನ್ನೇ ಪಾಠ ಮಾಡಿದೆ.

ಕಳೆದ ತಿಂಗಳ ಕೊನೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ವಕೀಲ, ಬಂದು ಒಂದು ತೀರ್ಪನ್ನು ಮೇಜಿನ ಮೇಲಿಟ್ಟ. ಹಿರಿಯ ಡಾಕ್ಟರು ಅಳತೆ ಮೀರಿ ಮದ್ದು ಚುಚ್ಚಿ ರೋಗಿ ಸತ್ತಿದ್ದ. ನೋಡಿಯೂ ತಡೆಯಲಿಲ್ಲವೆಂದು ಪಕ್ಕದಲ್ಲಿದ್ದ ನರ್ಸಿಗೆ ಮೂರು ವರ್ಷ ಜೈಲು. ಹನ್ನೊಂದನೇ ಪುಟದಲ್ಲಿ ನನ್ನ ವಾಕ್ಯ, ನನ್ನ ಹೆಸರು.

“ಮೇಡಂ, ಮೇಲ್ಮನವಿ ಹಾಕಿದೀನಿ. ಆದ್ರೆ ಸರ್ಕಾರಿ ವಕೀಲರು ನಿಮ್ಮ ಲೇಖನಾನೇ ತೋರಿಸ್ತಾರೆ,” ಎಂದ.

ಅವನ ಜೊತೆ ಜೈಲಿಗೆ ಹೋದೆ. ಆ ನರ್ಸ್ ನನ್ನನ್ನು ಬೈಯಲಿಲ್ಲ. “ಒಂದ್ಸಲ ಹೇಳ್ದೆ ಮೇಡಂ. ‘ನಿನ್ ಕೆಲಸ ನೋಡ್ಕೋ’ ಅಂದ್ರು. ಎರಡ್ನೇ ಸಲ ಹೇಳಕ್ಕೆ ಬಾಯೇ ಬರ್ಲಿಲ್ಲ,” ಎಂದಳಷ್ಟೆ.

ಅಕ್ಕ, ನನ್ನ ನಲವತ್ತು ಪುಟಗಳಲ್ಲಿ ಹೆದರಿಕೆ ಎಂಬ ಪದವೇ ಇರಲಿಲ್ಲ.

ನಾನು ಬರೆದದ್ದು ಎಲ್ಲಿ ತಪ್ಪು ಎಂದು ಒಂಬತ್ತು ಪುಟ ಬರೆದೆ. ಅದೇ ವಾರ, ನಾನೂ ಅರ್ಜಿ ಹಾಕಿದ್ದ ವಿಭಾಗದ ಮುಖ್ಯಸ್ಥರ ಹುದ್ದೆಗೆ ಇಂಟರ್‌ವ್ಯೂ ಇತ್ತು. ಸುದ್ದಿ ತಿಳಿದ ಪ್ರಾಂಶುಪಾಲರು ಕರೆದು, “ಇಂಟರ್‌ವ್ಯೂ ಮುಗಿಯೋವರೆಗೂ ಸುಮ್ನಿರಿ ಮೇಡಂ, ಆಮೇಲೆ ಏನ್ ಬೇಕಾದ್ರೂ ಬರ್ಕೊಳ್ಳಿ,” ಎಂದರು. ಮೇಲ್ಮನವಿ ವಿಚಾರಣೆಗೆ ಬರುವುದು ಇಂಟರ್‌ವ್ಯೂನ ಹಿಂದಿನ ದಿನವೇ! ಎರಡು ದಿನ ಆ ಹಾಳೆಗಳನ್ನು ಚೀಲದಲ್ಲಿ ಹೊತ್ತು ತಿರುಗಿದೆ. ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ, ಸುಮ್ಮನಿದ್ದುಬಿಡೋಣ ಅನ್ನಿಸಿತ್ತು. ಮೂರನೆಯ ದಿನ ಕೋರ್ಟಿನ ಮೆಟ್ಟಿಲ ಮೇಲೆ ವಕೀಲನ ಕೈಗಿಟ್ಟೆ.

ನ್ಯಾಯಾಧೀಶರು ಶಿಕ್ಷೆ ರದ್ದು ಮಾಡಿ ಮರುವಿಚಾರಣೆಗೆ ಕಳಿಸಿದರು. ಅವಳೀಗ ಜಾಮೀನಿನ ಮೇಲೆ ಮನೆಯಲ್ಲಿದ್ದಾಳೆ. ಮತ್ತೆ ಏನಾಗುತ್ತದೋ ಎಂದು ಫೋನ್ ಸದ್ದಾದರೆ ಪಾಠ ಬಿಟ್ಟು ಓಡಿ ಎತ್ತುತ್ತೇನೆ. ಇಂಟರ್‌ವ್ಯೂನಲ್ಲಿ ಒಬ್ಬರು, “ಹನ್ನೆರಡು ವರ್ಷ ತಪ್ಪು ಪಾಠ ಮಾಡಿದವರ ಕೈಗೆ ವಿಭಾಗ ಹೇಗಮ್ಮ ಕೊಡೋದು?” ಎಂದರು. ಹುದ್ದೆ ಬೇರೆಯವರ ಪಾಲಾಯಿತು. ಸೋಮವಾರ ತರಗತಿಗೆ ಯಾವ ಮುಖ ಹೊತ್ತು ಹೋಗಲೆಂದು ಯೋಚಿಸುತ್ತಿದ್ದೇನೆ.

ಭಾವನವರಿಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ,
ಪುಟ್ಟಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ಬಂತು. ಆ ಲೇಖನ ಬರೆಯುವಾಗ ನನ್ನ ಕಣ್ಣೆದುರು ಇದ್ದವಳು ನೀನು. ನನ್ನ ಗಂಡನ ಕುಡಿತ ನನ್ನ ಮದುವೆಗೆ ಮುಂಚೆಯೇ ನಿನಗೆ ಗೊತ್ತಿತ್ತು, ಆದರೂ ಹೇಳಲಿಲ್ಲ ಎಂಬ ಸಿಟ್ಟನ್ನೇ ಸಿದ್ಧಾಂತ ಮಾಡಿ ಬರೆದೆ. ಆಗ ನಿನ್ನ ಬಾಯಿ ಮುಚ್ಚಿಸಿದವರು ಯಾರೆಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಹೇಳುತ್ತೀಯಾ, ಅಕ್ಕ?