ಹೆಸರಿಗೊಬ್ಬ ಮಠಾಧಿಪತಿ

೧೪ ಮಾರ್ಚ್ ೧೯೯೧, ಗುರುವಾರ

ಇಲ್ಲಿನ ಕನ್ನಡ ಸಂಘದ ಕಾರ್ಯದರ್ಶಿ ವಲೇರಿಯನ್‌ಗೆ ಇನ್ನೂ ಉತ್ತರ ಕೊಟ್ಟಿಲ್ಲ. ಸಂಘಕ್ಕೆ ಈ ವರ್ಷವೂ ನಾನೇ ಅಧ್ಯಕ್ಷನಾಗಬೇಕಂತೆ. “ನೀವು ಸಭೆಗೆ ಬರುದೇ ಬೇಡ ಮಾರಾಯ್ರೆ. ಹೆಸರು ಇದ್ರೆ ಸಾಕು, ಸಹಿಗೆ ನಾನೇ ಲ್ಯಾವಿಂಗ್ಟನ್‌ನ ನಿಮ್ಮ ಮನೆಗೆ ಬರ್ತೇನೆ” ಎಂದ.

ಬೆಳಿಗ್ಗೆ ತರಗತಿಯಲ್ಲಿ ಸ್ಕಾಟ್ಲೆಂಡಿನ ಹಳೆಯ ಮಠವೊಂದರ ಪಾಠ ಮಾಡಿದ್ದೆ. ಅದರ ಕೊನೆಯ ಅಧಿಪತಿ ರಾಜನ ಕಡೆಯವನು. ಮಠದಲ್ಲಿ ಒಂದು ರಾತ್ರಿಯೂ ಮಲಗಿದವನಲ್ಲ. ಪತ್ರಗಳಲ್ಲಿ ಅವನ ಸಹಿ ತಪ್ಪುವುದಿಲ್ಲ. ಅದರ ಕೆಳಗೆ ಸನ್ಯಾಸಿಗಳ ಸಹಿಗಳು ಮೊದಲು ಹದಿನಾಲ್ಕು, ಆಮೇಲೆ ಆರು, ಕಡೆಗೆ ಒಂದು. ವಿದ್ಯಾರ್ಥಿಗಳು ನಕ್ಕರು. ನಾನೂ ನಕ್ಕೆ.

ಸಂಜೆ ವಲೇರಿಯನ್ ಬಿಟ್ಟುಹೋದ ಸಭೆಯ ಪುಸ್ತಕ ತೆರೆದೆ. ಕಳೆದ ಸಲ ನಾನು ಮನೆಯಲ್ಲೇ ಕೂತು ಹಾಕಿದ ಸಹಿಯ ಕೆಳಗೆ ಅವನದೊಂದೇ ಇದೆ.

ಬೇಡ ಎಂದುಬಿಡುವುದು ಸುಲಭ. ಭಾನುವಾರ ಸಂಘದ ಸಭೆ ನಡೆಯುವ ಹರ್ಲಿಂಗ್‌ಹ್ಯಾಮಿನ ಆ ಕೋಣೆಗೆ ಹೋಗಿ, ಅವನ ಪಕ್ಕದ ಕುರ್ಚಿಯಲ್ಲಿ ಕೂತೇ ಸಹಿ ಹಾಕುತ್ತೇನೆ ಎಂದು ಅವನಿಗೆ ಹೇಳಬೇಕು.