ಹುಣಸೆ ಬೀಜದ ಸದ್ದು

ಶಿಡ್ಲಘಟ್ಟ
೧೬ ಮಾರ್ಚ್ ೨೦೨೫

ಪ್ರೀತಿಯ ಚೈತ್ರಾ,

ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ನೀನು ಹೊಸ ಮನೆಯಲ್ಲಿ ಚೆನ್ನಾಗಿದ್ದೀಯ ಎಂದು ನಿನ್ನ ಫೋಟೊಗಳೇ ಹೇಳುತ್ತಿವೆ. ನಾನು ಫೋನು ಎತ್ತದೆ, ಮೆಸೇಜಿಗೆ ಉತ್ತರ ಕೊಡದೆ ಇಷ್ಟು ದಿನ ಕೂತಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಕೆಲಸ ಜಾಸ್ತಿಯಿತ್ತು ಎಂದು ಬರೆಯಬಹುದು, ಆದರೆ ಅದು ಸುಳ್ಳು. ಫೋನಿನಲ್ಲಿ ನೀನು ಎರಡು ಮಾತಿಗೇ ನನ್ನನ್ನು ನಗಿಸಿಬಿಡುತ್ತೀಯ, ಆಮೇಲೆ ನಾನು ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಮೊದಲು ಊರಿನ ಸುದ್ದಿ. ಈಗಲೇ ಬಿಸಿಲು ಸುಡುತ್ತಿದೆ, ರೇಷ್ಮೆ ಹುಳು ಸಾಕುವ ಮನೆಗಳಿಗೆ ಒದ್ದೆ ಗೋಣಿ ಕಟ್ಟಿದ್ದಾರೆ. ಅಪ್ಪ ಲೈನ್‌ಮ್ಯಾನ್ ಕೆಲಸದಿಂದ ರಿಟೈರ್ ಆದರೂ ಬೀದಿಯಲ್ಲಿ ಕರೆಂಟು ಹೋದರೆ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ. ಅಮ್ಮನ ಕಣ್ಣಿನ ಆಪರೇಷನ್ ಚೆನ್ನಾಗಿ ಆಗಿದೆ. ಗೂಡು ಬಿಡಿಸಲು ಕತ್ತರಿ ಹಿಡಿಯಬೇಡ ಎಂದರೆ ಕೇಳುವುದಿಲ್ಲ. ದಾಳಿಂಬೆ ಸಿಪ್ಪೆಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಗೌರಿಬಿದನೂರಿನ ಹರಿಣಿಗೆ ಈಗ ಕೈ ತುಂಬ ಕೆಲಸವಂತೆ. ನಿನ್ನನ್ನು ಕೇಳಿದಳು. ಚೆನ್ನಾಗಿದ್ದಾಳೆ ಎಂದೆ.

ಚಿಕ್ಕಬಳ್ಳಾಪುರದ ಆ ಕೈಕೆಲಸದ ಸಂತೆ ನೆನಪಿದೆಯಾ? ಛತ್ರದ ಮೂಲೆಯಲ್ಲಿ, ಕೈ ತೊಳೆಯುವ ನಲ್ಲಿಯ ಪಕ್ಕ ನನ್ನ ಟೇಬಲ್ಲು. ನೀನು ಬಂದು ರೇಷ್ಮೆ ಗೂಡಿನ ಓಲೆಯೊಂದನ್ನು ಕಿವಿಗೆ ಹಿಡಿದು ಕನ್ನಡಿ ಕೇಳಿದೆ. ಆಮೇಲೆ ಓಲೆಯನ್ನು ತಿರುಗಿಸಿ ನೋಡಿ, "ಇದು ಗೂಡಾ? ನಮ್ಮಪ್ಪ ಹುಳ ಗೂಡು ಕಟ್ಟಕ್ಕೆ ಬಿಡ್ತಿದ್ದ ಚಂದ್ರಿಕೆಲಿ ರಾಶಿ ಬಿದ್ದಿರ್ತಿದ್ವಲ್ಲ, ಅದೇನಾ?" ಅಂದೆ. ದಿಬ್ಬೂರಹಳ್ಳಿ ಜಯರಾಮಪ್ಪನವರ ಮಗಳು, ಗೂಡಿನ ವಾಸನೆಯಲ್ಲೇ ಬೆಳೆದವಳು, ಆ ಗೂಡು ಹೂವೂ ಆಗುತ್ತದೆ ಎಂದು ತಿಳಿಯಲು ಚಿಕ್ಕಬಳ್ಳಾಪುರದ ತನಕ ಬರಬೇಕಾಯಿತು. ಹಿತ್ತಲ ಗಿಡ ಮದ್ದಲ್ಲ ಎಂದು ನಾನು ರೇಗಿಸಿದಾಗಲೇ ನೀನು ನನ್ನ ಮುಖ ಸರಿಯಾಗಿ ನೋಡಿದ್ದು. "ಲಾವಣ್ಯಾ? ಪಿಯುಸಿಲಿ ನನ್ ಪಕ್ಕ ಕೂತ್ಕೊತಿದ್ದ ಲಾವಣ್ಯಾ?" ಎಂದು ಟೇಬಲ್ಲಿನ ಮೇಲಿಂದಲೇ ಬಾಗಿ ತಬ್ಬಿಕೊಂಡೆ. ನಾನು ಗೂಡಿನಿಂದ ಮಾಡಿದ್ದ ಎರಡು ಲ್ಯಾಂಪು ನೆಲಕ್ಕೆ ಬಿದ್ದವು.

ಆಮೇಲಿನ ಭಾನುವಾರಗಳು ನನ್ನ ಬದುಕಿನ ಒಳ್ಳೆಯ ಭಾನುವಾರಗಳು. ಇದನ್ನು ಮುಚ್ಚಿಡುವುದಿಲ್ಲ. ನಿನ್ನ ಸ್ಕೂಟರಿನಲ್ಲಿ ಎಲ್ಲೆಲ್ಲಿಗೆ ಹೋಗಲಿಲ್ಲ ನಾವು. ಹರಿಣಿಯ ಅಂಗಳದಲ್ಲಿ ಒದ್ದೆ ಬಟ್ಟೆಗಳ ನಡುವೆ ನುಗ್ಗಿ ಹೋಗಿ ಇಬ್ಬರ ಮುಖಕ್ಕೂ ಅರಿಶಿನ ಬಣ್ಣ ಹತ್ತಿತ್ತು, ಮಂಚೇನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಬೋಂಡಾ ತಿನ್ನುವಾಗ ಜನ ನಮ್ಮನ್ನೇ ನೋಡುತ್ತಿದ್ದರು. ಅಂಬಾಜಿದುರ್ಗದ ಕೆಳಗೆ ಕುಂಬಾರ ಮುನಿಗಂಗಪ್ಪನವರ ಮಣ್ಣಿನ ಕಪ್ಪುಗಳಿಗೆ ಹಿಡಿಯೇ ಇರಲಿಲ್ಲ, ಹಸಿ ಇರುವಾಗಲೇ ಹೆಬ್ಬೆಟ್ಟಿನಿಂದ ಒತ್ತಿದ ಒಂದು ಗುಳಿ ಮಾತ್ರ. ನೀನು ಆ ಗುಳಿಯೊಳಗೆ ನಿನ್ನ ಹೆಬ್ಬೆಟ್ಟು ಇಟ್ಟು, "ಅವರ ಕೈ ಇಲ್ಲೇ ಇತ್ತು ಕಣೇ. ಈಗ ನನ್ ಕೈ ಐತೆ" ಎಂದು ಒಂದು ಬುಟ್ಟಿ ಕಪ್ಪು ಕೊಂಡೆ. ಯಾವ ವಸ್ತು ಸಿಕ್ಕಿದರೂ ತಲೆಕೆಳಗು ಮಾಡಿ ನೋಡುವುದು, ಯಾರು ಮಾಡಿದ್ದು ಎಂದು ಕೇಳುವುದು ನಿನಗೆ ಅಭ್ಯಾಸವಾಗಿತ್ತು. "ಮಾಡಿದವರ ಹೆಸ್ರು ಗೊತ್ತಿಲ್ದೆ ಏನನ್ನೂ ಮನೆಗೆ ತರಬಾರ್ದು" ಎನ್ನುತ್ತಿದ್ದೆ. ನಾನು ನಂಬಿದೆ.

ಅಮ್ಮನಿಗಂತೂ ನೀನೆಂದರೆ ಪ್ರಾಣ. ಅಮ್ಮ ಗೂಡಿನ ಎಸಳುಗಳಿಂದ ಮಾಡುವ ಪ್ರತಿ ಹಾರದ ಕೊನೆಯ ಗೂಡನ್ನು ಎಸಳಾಗಿ ಕತ್ತರಿಸದೆ, ತುದಿಯಷ್ಟೇ ಸೀಳಿ ಒಳಗೊಂದು ಹುಣಸೆ ಬೀಜ ಹಾಕಿ ಹೊಲಿದು, ಹಾರದ ಗಂಟಿನ ಹತ್ತಿರ ಕಟ್ಟುತ್ತಾರೆ. ಅಲುಗಿಸಿದರೆ ಗಲ್ ಎನ್ನುತ್ತದೆ. ಇದ್ಯಾಕಮ್ಮ ಎಂದು ನೀನು ಕೇಳಿದಾಗ ಅಮ್ಮ ನಾಚಿಕೊಂಡು, "ನಂಗೆ ಸೈನ್ ಮಾಡಕ್ಕೆ ಬರಲ್ವಲ್ಲಮ್ಮ. ಇದೇ ನನ್ ಸೈನು" ಅಂದಿದ್ದರು. ನಿನ್ನ ಕಣ್ಣು ತುಂಬಿತು. ಆಮೇಲೆ ನಮ್ಮ ಟೇಬಲ್ಲಿಗೆ ಬಂದವರಿಗೆಲ್ಲ ನೀನೇ ಹಾರ ಎತ್ತಿ ಕಿವಿಯ ಹತ್ತಿರ ಅಲುಗಿಸಿ ಈ ಕಥೆ ಹೇಳುತ್ತಿದ್ದೆ. ನನಗಿಂತ ಚೆನ್ನಾಗಿ ಹೇಳುತ್ತಿದ್ದೆ.

ಹಾಗಾಗಿ ನಿನ್ನ ಚಿಂತಾಮಣಿಯ ಮನೆಯ ಗೃಹಪ್ರವೇಶಕ್ಕೆ ದೇವರಿಗೊಂದು ದೊಡ್ಡ ಹಾರ ಬೇಕು ಎಂದಾಗ ನಮ್ಮ ಮನೆಯಲ್ಲೇ ಹಬ್ಬ. ಅಮ್ಮ ಜೋಡಿ ಗೂಡಿನಲ್ಲೇ ಮಾಡಬೇಕೆಂದು ಹಟ ಹಿಡಿದರು. ನಿನಗೆ ಗೊತ್ತಲ್ಲ, ಎರಡು ಹುಳು ಸೇರಿ ಕಟ್ಟಿದ ಗೂಡು, ನೂಲು ಸಿಕ್ಕಾಗುತ್ತದೆಂದು ರೀಲರುಗಳು ಪಕ್ಕಕ್ಕೆ ಎಸೆಯುವಂಥದ್ದು. ಎಸಳು ಮಾತ್ರ ದಪ್ಪವಾಗಿ, ದೊಡ್ಡದಾಗಿ ಬರುತ್ತದೆ. ನೂಲು ತೆಗೆಯುವ ಫಿಲೇಚರ್‌ಗಳನ್ನೆಲ್ಲ ಸುತ್ತಿ ಆರಿಸಿ ತಂದರು. ಗೋಡೆಯ ಮೇಲಿನ ಬುದ್ಧನಿಗಲ್ಲದೆ ಯಾರಿಗೂ ಕೈ ಮುಗಿಯದ ಅಪ್ಪ ಕೂಡ, "ಮಾಡ್ಕೊಡು. ಯಾರ ಕೊರಳಿಗೆ ಹೋದ್ರೂ ಕೆಲಸ ಕೆಲಸಾನೇ" ಎಂದು ಪಕ್ಕದಲ್ಲಿ ಕೂತು ಎಸಳು ಜೋಡಿಸಿದರು. ದೇವರ ಮೇಲೆ ಅದು ಹೇಗೆ ಕಾಣುತ್ತದೋ ಒಂದು ಸಲ ನೋಡಬೇಕು ಎಂದು ಅಮ್ಮ ನನ್ನ ಜೊತೆ ಹೊರಟರು. ಅದೇ ತಪ್ಪಾಯಿತು.

ಇನ್ನು ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ನನ್ನ ಕಣ್ಣಿನಲ್ಲಿ ಅದು ಹೇಗೆ ಕಂಡಿತು ಎಂಬುದು ನಿನಗೆ ಗೊತ್ತಿಲ್ಲ.

ನಿಮ್ಮತ್ತೆ ಲಕ್ಷ್ಮೀನರಸಮ್ಮನವರು ಹಾರವನ್ನು ಎರಡೂ ಕೈಯಲ್ಲಿ ಇಸಿದುಕೊಂಡು, "ಎಂತ ಬಾಗುಂದಮ್ಮ. ಹೂವು ಬಾಡ್ತವೆ, ಇದು ಬಾಡಂಗಿಲ್ಲ" ಎಂದು ತೆಲುಗು ಬೆರೆಸಿ ಹೊಗಳಿದರು. ಅಮ್ಮನ ಮುಖ ನೋಡಬೇಕಿತ್ತು ನೀನು. ಆಮೇಲೆ ಅವರು ನನ್ನನ್ನು, "ಯಾವೂರಮ್ಮ? ಯಾರ ಪೈಕಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನೀನು ಹೇಳಿದೆ: "ಬೆಂಗ್ಳೂರು ಬೊಟಿಕ್‌ದು ಅತ್ತೆ. ಇವ್ರು ತಂದುಕೊಡಕ್ಕೆ ಬಂದಿದಾರೆ."

ಅದುವರೆಗೂ ನಾನು ನಿನಗೆ ಕಣೇ, ಹೋಗೇ, ಬಾರೇ. ಆ ಹೊಸ್ತಿಲಲ್ಲಿ ಇವರು ಆದೆ. ಬಹುವಚನ ಕೊಟ್ಟು ಇಷ್ಟು ದೂರ ತಳ್ಳಬಹುದು ಎಂದು ನನಗೆ ಗೊತ್ತಿರಲಿಲ್ಲ.

ನಿಮ್ಮತ್ತೆ ಹಾರ ಹಾಕಲು ಎತ್ತಿದಾಗ ಬೀಜ ಗಲ್ ಎಂದಿತು. "ಇದೇನೇ ಒಳಗೆ? ಹುಳ ಗಿಳ ಐತೇನು? ದೇವ್ರಿಗೆ ಆಗಲ್ಲಮ್ಮ" ಎಂದರು. ಅವರು ಉಟ್ಟಿದ್ದ ರೇಷ್ಮೆ ಸೀರೆಗೆ ಎಷ್ಟು ಹುಳು ಬೆಂದಿದ್ದವೋ, ಅದು ದೇವರಿಗೆ ಆಗುತ್ತದೆ. ಇರಲಿ, ಅವರಿಗೆ ಆ ಬೀಜದ ವಿಷಯ ಗೊತ್ತಿರಲಿಲ್ಲ, ಅವರ ಮೇಲೆ ನನಗೆ ಕೋಪವಿಲ್ಲ. ನಿನಗೆ ಗೊತ್ತಿತ್ತು. ನೀನು ಒಳಗೆ ಹೋಗಿ ಕತ್ತರಿ ತಂದು ಆ ಗೂಡನ್ನು ಕತ್ತರಿಸಿ, ತೋರಣದ ಎಲೆ, ತೆಂಗಿನ ಜುಂಗು ಬಿದ್ದಿದ್ದ ಬುಟ್ಟಿಗೆ ಹಾಕಿದೆ. ಅಮ್ಮ ನಿನ್ನಿಂದ ಒಂದು ಮಾರು ದೂರದಲ್ಲಿ, ಹಾರ ಸುತ್ತಿ ತಂದಿದ್ದ ಹಳೇ ಪಂಚೆಯನ್ನು ಮಡಿಸುತ್ತ ನಿಂತಿದ್ದರು. ನೀನು ಅವರ ಕಡೆ ನೋಡಲಿಲ್ಲ.

ಬಂದವರಿಗೆಲ್ಲ ಮುನಿಗಂಗಪ್ಪನವರ ಕಪ್ಪಿನಲ್ಲಿ ಕಾಫಿ ಕೊಟ್ಟೆ. ನಮಗೆ ವರಾಂಡದಲ್ಲಿ ಪೇಪರ್ ಲೋಟ. ಕಪ್ಪು ಸಾಲದೆ ಬಂದಿರಬೇಕು ಎಂದು ನಾನು ನಿನ್ನ ಪರ ವಕಾಲತ್ತು ಮಾಡಿಕೊಂಡೆ. ಒಳಗೆ ನೋಡಿದರೆ ಶೆಲ್ಫಿನಲ್ಲಿ ಒಂದು ಸಾಲು ಕಪ್ಪು ಬೋರಲು ಹಾಕಿಟ್ಟಿತ್ತು.

ರಾತ್ರಿ ನಿನ್ನ ಮೆಸೇಜು ಬಂತು. "ಸಾರಿ ಕಣೇ. ಅತ್ತೆ ಹಳೇ ಕಾಲದವರು. ನಿಂಗೆ ಅವಮಾನ ಆಗ್ಬಾರ್ದು ಅಂತ ಹಂಗಂದೆ." ನಾವು ದಲಿತರು ಎಂದು ತಿಳಿದರೆ ಹಾರ ದೇವರ ಮನೆಯೊಳಗೆ ಹೋಗುತ್ತಿರಲಿಲ್ಲ, ಒಪ್ಪುತ್ತೇನೆ. ಆಗ ಏನಾಗುತ್ತಿತ್ತು? ನಿಮ್ಮತ್ತೆ ನಮ್ಮನ್ನು ಬೈಯುತ್ತಿದ್ದರು, ನಾವು ಹಾರ ಸುತ್ತಿಕೊಂಡು ಬಸ್ ಹತ್ತುತ್ತಿದ್ದೆವು, ನೀನು ಅಳುತ್ತ ಹಿಂದೆ ಬರುತ್ತಿದ್ದೆಯೋ ಏನೋ. ಅಂಥ ಅವಮಾನ ನಮ್ಮ ಮನೆಗೆ ಹೊಸದಲ್ಲ, ಅದನ್ನು ಹೇಗೆ ತಾಳಬೇಕೆಂದು ನಮಗೆ ಗೊತ್ತು. ಗೆಳತಿಯೇ ನಮ್ಮನ್ನು ಇಲ್ಲವೆನಿಸಿದ್ದನ್ನು ಹೇಗೆ ತಾಳುವುದೆಂದು ಯಾರೂ ಕಲಿಸಿಲ್ಲ. ಮಾರನೇ ದಿನ ಆ ಹಾರದ ಫೋಟೊ ಹಾಕಿ, ಕೈಯಲ್ಲಿ ಮಾಡಿದ್ದಕ್ಕೆ ಸಾಟಿಯಿಲ್ಲ ಎಂದು ಬರೆದುಕೊಂಡಿದ್ದೆ. ಯಾರ ಕೈ, ಚೈತ್ರಾ? ಜನ ಕೇಳಿದ್ದರು, ಎಲ್ಲಿ ಸಿಗುತ್ತದೆ ಎಂದು. ನೀನು ಬರೀ ಹೃದಯದ ಚಿತ್ರ ಒತ್ತಿದ್ದೆ.

ಈಗ ನಿನ್ನ ನೆಂಟರಿಗೆಲ್ಲ ಅಂಥದೇ ಹಾರ ಬೇಕಂತೆ. ಯುಗಾದಿಯೊಳಗೆ ಕೊಡು, "ಆದ್ರೆ ಬೀಜ ಬೇಡ ಕಣೇ, ಪ್ಲೀಸ್" ಎಂದಿದ್ದೀಯ. ಅದಕ್ಕೇ ಈ ಕಾಗದ. ಆಗುವುದಿಲ್ಲ. ಹಾರ ಬೇಕಾದವರು ಬೀಜದ ಜೊತೆ ತೆಗೆದುಕೊಳ್ಳಲಿ. ಅದು ಯಾರ ಸಹಿ, ಅವರು ಯಾವ ಬೀದಿಯವರು ಎಂದು ನೀನೇ ಮುಂದೆ ನಿಂತು ಹೇಳು. ಹೇಳಿದ ಮೇಲೂ ಬೇಕೆಂದರೆ ಎಷ್ಟು ಬೇಕಾದರೂ ಮಾಡಿಕೊಡುತ್ತೇನೆ. ನಿನ್ನಿಂದ ಆಗದಿದ್ದರೆ ಮಾರುಕಟ್ಟೆಯಲ್ಲಿ ಪ್ಲಾಸ್ಟಿಕ್ ಹಾರ ಸಿಗುತ್ತದೆ, ಅದು ಯಾರದೂ ಅಲ್ಲ, ಯಾವ ದೇವರಿಗೂ ಆಗುತ್ತದೆ.

ನಿನ್ನ ಮೇಲಿನ ಪ್ರೀತಿ ಇನ್ನೂ ಹೋಗಿಲ್ಲ. ಹೋಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಹೊಸ ಮನೆಯಲ್ಲಿ ನಿನಗೂ ಉದಯಕುಮಾರ್‌ಗೂ ಒಳ್ಳೆಯದಾಗಲಿ, ನಗು ತುಂಬಿರಲಿ. ನಿಮ್ಮತ್ತೆಗೆ ನನ್ನ ನಮಸ್ಕಾರ ತಿಳಿಸು. ಯಾರ ನಮಸ್ಕಾರ ಎಂದು ಕೇಳಿದರೆ ಸರಿಯಾದ ಹೆಸರು ಹೇಳು.

ಇಂತಿ,
ಆವುಲಪ್ಪ, ಲಕ್ಷ್ಮಿದೇವಮ್ಮನವರ ಮಗಳು
ಲಾವಣ್ಯ

ಇನ್ನೊಂದು ಮಾತು: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಆ ದಿನ ಅಮ್ಮ ಬಸ್ಸಿನಲ್ಲಿ ಹಳೇ ಪಂಚೆಯನ್ನು ಮಡಿಲಲ್ಲೇ ಇಟ್ಟುಕೊಂಡು ಬಂದರು. "ಚೈತ್ರಮ್ಮ ಯಾಕೆ ಬರಲಿಲ್ಲ ಈ ಭಾನುವಾರ?" ಎಂದು ಪ್ರತಿ ವಾರ ಕೇಳುತ್ತಾರೆ. ನಿನ್ನೆ ಸಂಜೆ ನೋಡಿದರೆ ಹೊಸ ಹಾರವೊಂದಕ್ಕೆ ಗಂಟು ಹಾಕುತ್ತಿದ್ದರು. ಪಕ್ಕದ ಡಬ್ಬಿಯಲ್ಲಿ ಹುಣಸೆ ಬೀಜಗಳು ಹಾಗೇ ಇದ್ದವು. ಬೀಜ ಯಾಕಮ್ಮ ಹಾಕಲಿಲ್ಲ ಎಂದೆ. "ಅದು ಸರಿಯಿಲ್ಲ ಅಂತ ಕಾಣ್ತದೆ ಕಣಮ್ಮ. ಚೈತ್ರಮ್ಮಂಗೆ ಗೊತ್ತಿರಲ್ವಾ? ಪಾಪ, ಇಷ್ಟು ದಿನ ನಂಗೆ ಹೇಳಕ್ಕೆ ಸಂಕೋಚ ಪಟ್ಕೊಂಡಿದ್ಳೇನೋ" ಅಂದರು. ಆ ಹಾರ ನಿಮ್ಮ ಕಡೆಯವರಿಗಲ್ಲ, ನಮ್ಮ ಮನೆಯ ಬುದ್ಧನ ಫೋಟೊಗೆ. ಇವತ್ತು ಬೆಳಿಗ್ಗೆ ಅದನ್ನು ಅಲುಗಿಸಿ ನೋಡಿದೆ. ಸದ್ದಿಲ್ಲ.