ನಕ್ಷತ್ರದೊಳಗಿನ ನೀರುದೋಸೆ

ಏಪ್ರಿಲ್ 12

ಹದಿನೇಳನೇ ನಂಬರಿನ ಕಂಪ್ಯೂಟರ್ ಪುನಃ ಕೈಕೊಟ್ಟಿತು. ಬಿಟ್ಟುಬಿಟ್ಟೆ. ಮೂವತ್ತರಲ್ಲಿ ಇಪ್ಪತ್ತೊಂಬತ್ತು ಸಾಕು. ಕಾಲೇಜಿನ ಲ್ಯಾಬಿನ ಎಲ್ಲ ಕಂಪ್ಯೂಟರುಗಳನ್ನು ಜೋಡಿಸಿ ಒಂದೇ ಲೆಕ್ಕ ಮಾಡಿಸುವುದು — ಹೇಳಲಿಕ್ಕೆ ಸುಲಭ. ಮೂರು ದಿನ ಮೇಜಿನಡಿ ತೆವಳಿ ಮೊಣಕಾಲಿನ ಸಿಪ್ಪೆ ಎದ್ದಿದೆ. ಫಿಸಿಕ್ಸ್ ಲೆಕ್ಚರರ್ ಶಹಲಾ, ವಯಸ್ಸು ಮೂವತ್ತೆಂಟು, ಸದ್ಯದ ಕೆಲಸ ಕೇಬಲ್ ಎಳೆಯುವುದು.

ಪ್ರಿನ್ಸಿಪಾಲರ ಅನುಮತಿ ರಜೆಗೆ ಮಾತ್ರ. ಮೇ 15ಕ್ಕೆ ಲ್ಯಾಬ್ ವಾಪಸ್, ಆನ್‌ಲೈನ್ ಪರೀಕ್ಷೆ ಇದೆ. ಕೀಗೊಂಚಲು ಅಟೆಂಡರ್ ಹುಕ್ರಪ್ಪಣ್ಣನ ಸೊಂಟದಲ್ಲಿ, ಇಪ್ಪತ್ತೆರಡು ವರ್ಷದಿಂದ.

"ರಾತ್ರಿ ಸಹ ಆನ್ ಇಡುದಾ ಮೇಡಂ? ಹನ್ನೊಂದು ದಿನ?"

"ಹೌದು. ಒಂದು ನಿಮಿಷ ಸಹ ಆಫ್ ಆಗ್ಬಾರ್ದು."

ಗ್ಯಾಸ್ ಉರಿಸಿಟ್ಟು ಮದುವೆಗೆ ಹೊರಟವಳನ್ನು ನೋಡುವ ಹಾಗೆ ನೋಡಿದರು.

ಏಪ್ರಿಲ್ 13

ಜರ್ನಲಿಗೆ ಕಳಿಸಿದ ನನ್ನ ಪೇಪರ್ ಪರಿಶೀಲಿಸಿದ ರೆಫರಿಯ ಪತ್ರ ಪುನಃ ಓದಿದೆ. ಗಂಡಸೋ ಹೆಂಗಸೋ ಗೊತ್ತಿಲ್ಲ, ಹೆಸರಿಲ್ಲದ ಪುಣ್ಯಾತ್ಮ. ಎರಡು ಪ್ರಶ್ನೆ. ಒಂದು: ಲೇಖಕಿ ಕಂಡ ರಚನೆ, ಕಂಪ್ಯೂಟರಿನೊಳಗೆ ಕಣಗಳನ್ನು ತುಂಬಿದ ಲೆಕ್ಕದ ಪೆಟ್ಟಿಗೆ ಸಣ್ಣದಾದ್ದರಿಂದ ಬಂದದ್ದಿರಬಹುದಲ್ಲವೇ? ಎರಡು: ಬೇರೆ ಆರಂಭದಿಂದ ಹೊರಟರೂ ಇದೇ ರಚನೆ ಬರುತ್ತದೆಯೇ?

ಉತ್ತರಕ್ಕೆ ಮೇ 25 ಕೊನೆ. ಪೇಪರ್ ಒಪ್ಪಿಗೆಯಾಗದೆ ಥೀಸಿಸ್ ಕೊಡುವಂತಿಲ್ಲ. ಜೂನ್ 30ಕ್ಕೆ ನನ್ನ ಪಿಎಚ್‌ಡಿ ರಿಜಿಸ್ಟ್ರೇಷನ್ನೇ ಮುಗಿಯುತ್ತದೆ. ಇನ್ನು ವಿಸ್ತರಣೆ ಇಲ್ಲ ಎಂದು ಯೂನಿವರ್ಸಿಟಿ ಬರೆದು ಕೊಟ್ಟಿದೆ. ಎಂಟು ವರ್ಷ ನೀರಿಗೆ.

ಒಂದನೆಯ ಪ್ರಶ್ನೆಗೆ ದೊಡ್ಡ ಪೆಟ್ಟಿಗೆಯೇ ಉತ್ತರ. ಎರಡನೆಯದಕ್ಕೆ ಇನ್ನೊಂದು ಪೂರ್ತಿ ರನ್, ಅಂದರೆ ಮತ್ತೆ ಹನ್ನೊಂದು ದಿನದ ಲೆಕ್ಕ ಬೇಕು. ಎರಡೂ ಮುಗಿಯುವಾಗ ಮೇ 15 ಹತ್ತಿರ, ಆಮೇಲೆ ಬರೆಯಲಿಕ್ಕೆ ಸಮಯ ಎಲ್ಲಿದೆ? ಏನಾದರೂ ಚಂದದ ಇಂಗ್ಲಿಷಿನಲ್ಲಿ ಜಾರಿಕೊಳ್ಳಬೇಕು. ಬರೆಯುವಾಗಲೇ ನಾಚಿಕೆಯಾಗುತ್ತಿದೆ.

ಏಪ್ರಿಲ್ 14, ಬೆಳಿಗ್ಗೆ

ಮನೆಯಲ್ಲೇ. ಉಮ್ಮ ನೀರುದೋಸೆ ಹೊಯ್ಯುತ್ತಿದ್ದರು.

"ಎಂಟು ವರ್ಷದಿಂದ ಎಂಥ ಓದುವುದು ಮೋಳೇ? ಯಾರಾದ್ರೂ ಕೇಳಿದ್ರೆ ತಾಯಿ ಆಗಿ ನಾನು ಏನು ಹೇಳ್ಬೇಕು?"

ಎಂಟು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ನಾನೂ ಮೊದಲ ಸಲ ಹೇಳಿದೆ. ನ್ಯೂಟ್ರಾನ್ ನಕ್ಷತ್ರ. ಸತ್ತ ನಕ್ಷತ್ರದ ತಿರುಳು. ಸೂರ್ಯನಿಗಿಂತ ಭಾರ, ಅಗಲ ಮಾತ್ರ ನಮ್ಮ ಫರಂಗಿಪೇಟೆಯಿಂದ ಕಾಲೇಜಿರುವ ಮೂಡಬಿದಿರೆಗೆ ನೇರ ಗೆರೆ ಎಳೆದಷ್ಟು.

"ಬಸ್ಸಲ್ಲಿ ಒಂದೂವರೆ ಗಂಟೆ" ಎಂದರು ಉಮ್ಮ. "ಸಿದ್ಧಕಟ್ಟೆಯಲ್ಲಿ ನಿಲ್ಸಿದ್ರೆ ಇನ್ನೂ ಹೆಚ್ಚು."

ಒಳಗೆ ಇಳಿದಷ್ಟೂ ಒತ್ತಡ ಹೆಚ್ಚು ಎಂದೆ. ಹೊರಪದರದಲ್ಲಿ ನ್ಯೂಕ್ಲಿಯಸ್ಸುಗಳು ಉಂಡೆ ಉಂಡೆ — ಆವಿಯಲ್ಲಿ ಬೇಯಿಸಿದ ಅಕ್ಕಿ ಪುಂಡಿ. ಇನ್ನೂ ಒತ್ತಿದರೆ ಒಂದಕ್ಕೊಂದು ಅಂಟಿ ಉದ್ದವಾಗುತ್ತವೆ — ಒತ್ತುಶಾವಿಗೆ. ಇನ್ನೂ ಒತ್ತಿದರೆ ಹಾಳೆ. ನೀರು ಮಂಜುಗಡ್ಡೆಯಾಗುವ ಹಾಗೆ ಪ್ರತಿ ಸಲ ಸ್ಥಿತಿ ಬದಲಾಗುವುದು. ಹೊರದೇಶದವರು ಇದಕ್ಕೆಲ್ಲ ಪಾಸ್ತಾ ಎನ್ನುತ್ತಾರೆ. ಅವರ ಅಡುಗೆಮನೆ ಅವರಿಗೆ.

"ನಾನು ಹೇಳುವುದು, ನಕ್ಷತ್ರದ ಅಷ್ಟು ಆಳದಲ್ಲಿ ಸಹ ಆ ಹಾಳೆಯಲ್ಲಿ ತೂತು ಉಂಟು ಅಂತ. ತೂತಿದ್ರೆ ಶಾಖ ಹೋಗುವ ದಾರಿ ಬೇರೆ. ನಕ್ಷತ್ರ ತಣಿಯುವ ಲೆಕ್ಕವೇ ಬದಲಾಗ್ತದೆ."

ಉಮ್ಮ ದೋಸೆ ಎತ್ತಿ ಬೆಳಕಿಗೆ ಹಿಡಿದರು. "ತೂತಿಲ್ಲದಿದ್ರೆ ಅದೆಂಥ ನೀರುದೋಸೆ?"

"ನಿನ್ನ ಕಾವಲಿ ಸಣ್ಣದು, ಅದಕ್ಕೇ ತೂತು ಬಿದ್ದದ್ದು ಅಂತ ನನ್ನ ಪೇಪರ್ ನೋಡಿದವರು ಹೇಳ್ತಾರೆ."

"ದೊಡ್ಡದರಲ್ಲಿ ಹೊಯ್ದು ತೋರ್ಸು. ಅಷ್ಟೇ ಅಲ್ವಾ?"

ಅಷ್ಟೇ. ಇಷ್ಟು ಚೆನ್ನಾಗಿ ನನ್ನ ಥೀಸಿಸ್ಸಿನಲ್ಲೂ ಬರೆದಿಲ್ಲ.

ಏಪ್ರಿಲ್ 17, 5.20 ಸಂಜೆ

ಶುರು! ಪೆಟ್ಟಿಗೆಯ ಬದಿ ಎರಡು ಪಟ್ಟು, ಕಣಗಳು ಎಂಟು ಪಟ್ಟು — ನಾಲ್ಕು ಲಕ್ಷ. ಕುದಿಯುವ ಗಂಜಿಯಂತೆ ಗೊತ್ತುಗುರಿಯಿಲ್ಲದೆ ಓಡಾಡುತ್ತಿವೆ. ಹನ್ನೊಂದು ದಿನ ನಿಧಾನಕ್ಕೆ ತಣಿಸಬೇಕು. ಇಪ್ಪತ್ತೊಂಬತ್ತು ಫ್ಯಾನುಗಳ ಸದ್ದು ಕಿವಿಗೆ ಹಬ್ಬ.

ಏಪ್ರಿಲ್ 24

ತೂತು! ಹಾಳೆಯಲ್ಲಿ ತೂತು! ದೊಡ್ಡ ಪೆಟ್ಟಿಗೆಯಲ್ಲಿ!

ಕುಣಿಯಬಾರದು. ತಣಿಯುತ್ತಾ ಮುಚ್ಚಿಕೊಂಡರೂ ಮುಚ್ಚಿಕೊಂಡೀತು. ಸ್ವಲ್ಪ ಕುಣಿದೆ.

ಏಪ್ರಿಲ್ 26, 5.40 ಸಂಜೆ

ಒಂಬತ್ತು ದಿನ ಮುಗಿಯಿತು. ತೂತುಗಳೆಲ್ಲ ಗಟ್ಟಿ ನಿಂತಿವೆ. ಮುಂದಿನದು ಬರೀ ತಣಿಯುವುದು.

ಆಕಾಶ ಕಪ್ಪಾಗಿದೆ. ಮೊದಲ ಗುಡುಗಿಗೇ ಉಮ್ಮ ಫ್ರಿಜ್, ಮಿಕ್ಸಿ, ಟಿವಿ ಎಲ್ಲದರ ಪ್ಲಗ್ ಕಿತ್ತರು. ಇಡೀ ತಾಲೂಕು ಈಗ ಅದನ್ನೇ ಮಾಡುತ್ತಿದೆ. ಲ್ಯಾಬಿಗೆ ಯುಪಿಎಸ್ ಇದೆ, ಹೆದರಿಕೆ ಇಲ್ಲ. ಹುಕ್ರಪ್ಪಣ್ಣನೂ ಇಂದು ರಜೆಯಲ್ಲಿ ಮಿಜಾರಿನ ಮನೆಯಲ್ಲಿದ್ದಾರೆ. ಅಲ್ಲಿ ಪ್ಲಗ್ ಕೀಳುವವರು ಯಾರೂ ಇಲ್ಲ, ಒಳ್ಳೆಯದೇ ಆಯಿತು.

ಏಪ್ರಿಲ್ 27

ಬರೆಯಲಿಕ್ಕೆ ಕೈ ಬರುವುದಿಲ್ಲ.

ಲ್ಯಾಬ್ ಕತ್ತಲೆ. ಒಂದು ಫ್ಯಾನಿನ ಸದ್ದಿಲ್ಲ. ಹುಕ್ರಪ್ಪಣ್ಣ ಬಾಗಿಲಲ್ಲಿ ನಗುತ್ತಾ ನಿಂತಿದ್ದರು.

"ನಿನ್ನೆ ನಂಗೆ ರಜೆ ಮೇಡಂ. ಆದ್ರೆ ಗುಡುಗು ಕೇಳಿ ಮನಸ್ಸು ತಡೀಲಿಲ್ಲ. ನಿಮ್ಮ ಲೆಕ್ಕ ಉಂಟಲ್ಲ, ಸುಟ್ಟು ಹೋದ್ರೆ? ಬಸ್ ಹಿಡಿದು ಬಂದು ಮೇನ್ ಸ್ವಿಚ್ ತೆಗ್ದೆ. ಯುಪಿಎಸ್ಸಿನದ್ದೂ ತೆಗ್ದೆ."

ಶಾಬಾಸ್ ಅನ್ನಿಸಿಕೊಳ್ಳಲು ಕಾಯುವ ಮುಖ. ನಾನು ಕಿರುಚಿದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ತಂದೆಯ ವಯಸ್ಸಿನವರಿಗೆ.

ಆಮೇಲೆ ನೋಡಿದರೆ ತಪ್ಪು ನನ್ನದೂ ಇತ್ತು. ಜಾಗ ಉಳಿಸಲಿಕ್ಕೆಂದು ಪ್ರತಿ ಗಂಟೆ ಹಳೆಯ ಫೈಲಿನ ಮೇಲೆಯೇ ಹೊಸದನ್ನು ಬರೆಸುತ್ತಿದ್ದೆ. ಬರೆಯುವ ಹೊತ್ತಿಗೇ ಮೇನ್ ಹೋಗಿದೆ. ಅರ್ಧ ಹೊಸತು, ಅರ್ಧ ಹಳತು, ಯಾವುದಕ್ಕೂ ಬಾರದ್ದು. ಒಂಬತ್ತು ದಿನದಲ್ಲಿ ಉಳಿದದ್ದು ಗಂಟೆಗೊಂದರಂತೆ ತೆಗೆದಿಟ್ಟ ಚಿತ್ರಗಳು ಮಾತ್ರ. ಚಿತ್ರ ಇಟ್ಟುಕೊಂಡು ಲೆಕ್ಕ ಮುಂದುವರಿಸಲಿಕ್ಕಾಗುವುದಿಲ್ಲ.

ಅಷ್ಟರಲ್ಲಿ ಆಫೀಸಿನ ಕುಸುಮ ಬಂದರು. "ನಿನ್ನೆಯ ಸಿಡಿಲಿಗೆ ನಮ್ಮ ಝೆರಾಕ್ಸ್ ಮೆಷಿನ್ ಹೋಯ್ತು ಮೇಡಂ. ಪ್ರಿನ್ಸಿಪಾಲರ ರೂಮಿನ ಟಿವಿ ಸಹ. ಲ್ಯಾಬಿನದ್ದೂ ಅದೇ ಲೈನ್ ಅಲ್ವಾ? ನಿಮ್ಮದು ಉಳಿದದ್ದೇ ದೊಡ್ಡದು."

ಹುಕ್ರಪ್ಪಣ್ಣ ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡು ಹೊರಟುಹೋದರು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಏಪ್ರಿಲ್ 28

ಬೆಳ್ತಂಗಡಿ. ಗೈಡ್ ದಯಾನಂದ ಸರ್ ಮನೆ. ನಿವೃತ್ತರಾಗಿ ಎರಡು ವರ್ಷ, ನಾನು ಅವರ ಕೊನೆಯ ವಿದ್ಯಾರ್ಥಿನಿ. ಎಲ್ಲ ಹೇಳಿ ಅತ್ತೆ. ಅಳಲಿಕ್ಕೆ ಬಿಟ್ಟರು. ಆಮೇಲೆ ಕ್ಯಾಲೆಂಡರ್ ತೆಗೆದರು.

"ನಾಳೆ ಶುರು ಮಾಡಿದ್ರೆ ಮೇ ಹತ್ತಕ್ಕೆ ಮುಗೀತದೆ. ಹದಿನೈದಕ್ಕೆ ಲ್ಯಾಬ್ ಕೊಡುದು. ಐದು ದಿನ ಕೈಯಲ್ಲಿ ಉಂಟು, ಮತ್ತೆ ಎಂಥಕ್ಕೆ ಅಳುದು?"

"ಮೊದಲಿಂದ, ಸರ್?"

"ಮೊದಲಿಂದ. ಹೊಸ ಆರಂಭ, ಹೊಸ ಕಣ. ಮತ್ತೆ, ಆ ಹುಕ್ರಪ್ಪನ ಹತ್ರ ಮಾತಾಡಿದ್ಯಾ?"

ಇಲ್ಲ ಎಂದೆ.

"ಅದು ಮೊದಲು."

ಏಪ್ರಿಲ್ 29

ಉಮ್ಮ ನೀರುದೋಸೆ, ಕಾಯಿಬೆಲ್ಲ ಕಟ್ಟಿ ಕೊಟ್ಟರು. ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಕ್ಷಮೆ ಕೇಳಿದೆ. ಹುಕ್ರಪ್ಪಣ್ಣ ಎರಡು ದೋಸೆ ಮುಗಿಸಿ ಕೈ ಒರೆಸಿಕೊಂಡರು.

"ಅಲ್ಲ ಮೇಡಂ. ಆಫ್ ಮಾಡ್ಬಾರ್ದು ಅಂತ ಹೇಳಿದ್ರಿ. ಮಾಡ್ಲೇಬೇಕಾಗಿ ಬಂದ್ರೆ ಹೇಗೆ ಮಾಡುದು ಅಂತ ನಂಗೆ ಯಾರು ಹೇಳಿದ್ದಾರೆ?"

ಯಾರೂ ಹೇಳಿರಲಿಲ್ಲ. ಎಂಟು ವರ್ಷ ಫಿಸಿಕ್ಸ್ ಮಾಡಿದವಳಿಗೆ ಅದು ಹೊಳೆದಿರಲಿಲ್ಲ.

ಮಧ್ಯಾಹ್ನದೊಳಗೆ ಪ್ರೋಗ್ರಾಂ ತಿದ್ದಿದೆ. ಇನ್ನು ಎರಡು ಫೈಲು, ಒಂದು ಸಲ ಇದು, ಒಂದು ಸಲ ಅದು. ಒಂದನೇ ಕಂಪ್ಯೂಟರಿನಲ್ಲಿ ದೊಡ್ಡ ಕೆಂಪು ಬಟನ್. ಒತ್ತಿದರೆ ಎಲ್ಲ ಉಳಿಸಿಕೊಂಡು ನಿಲ್ಲುತ್ತದೆ, ಪರದೆಗಳೆಲ್ಲ ಹಸಿರಾಗುತ್ತವೆ. ಹಸಿರಾದ ಮೇಲೆ ಮೇನ್.

ಮೂರು ಸಲ ಪ್ರಾಕ್ಟೀಸ್. ಇಪ್ಪತ್ತೆರಡು ವರ್ಷ ಮೌಸುಗಳ ಧೂಳು ಒರೆಸಿದವರು ಮೊದಲ ಸಲ ಮೌಸ್ ಹಿಡಿದರು, ಮೊಟ್ಟೆ ಹಿಡಿದ ಹಾಗೆ. ಮೂರನೆಯ ಸಲಕ್ಕೆ "ಇಷ್ಟೇಯಾ?" ಎಂದರು.

3.10ಕ್ಕೆ ಶುರು. ಮೊದಲಿಂದ.

ಮೇ 7, 6.30 ಸಂಜೆ

5.15ಕ್ಕೆ ಫೋನ್.

"ಮೇಡಂ, ಗುಡುಗು. ದೂರ ಉಂಟು ಇನ್ನೂ. ನೀವು ಹೇಳಿದ ಹಾಗೆ."

ಎಂಟು ದಿನ ಆಗಿತ್ತು. ಬಟನ್ ತಪ್ಪಿದರೆ ಇನ್ನೊಮ್ಮೆ ಶುರು ಮಾಡಲು ದಿನಗಳೇ ಇಲ್ಲ. ತೆಗೆಯಬೇಡಿ ಎನ್ನಲು ಬಾಯಿ ತೆರೆದೆ. ಸಿಡಿಲು ಬಡಿದರೆ ಮೂವತ್ತು ಕಂಪ್ಯೂಟರ್ ಹೋಗುತ್ತವೆ, ಇಪ್ಪತ್ತೆರಡು ವರ್ಷದ ಅವರ ಹೆಸರೂ ಹೋಗುತ್ತದೆ...

"ಒತ್ತಿ, ಹುಕ್ರಪ್ಪಣ್ಣ."

ಆ ಕಡೆ ಚಪ್ಪಲಿ ಸದ್ದು. ಎಣಿಸುತ್ತಿದ್ದಾರೆ. ಹತ್ತು... ಇಪ್ಪತ್ತು... ನಡುವೆ ಗುಡುಗು, ಹತ್ತಿರ.

"ಇಪ್ಪತ್ತೊಂಬತ್ತು ಹಸಿರು. ಒಂದು ಬರ್ಲಿಲ್ಲ ಮೇಡಂ."

"ಯಾವುದು?"

"ಹದಿನೇಳು."

"ಅದು ಯಾವತ್ತೋ ಸತ್ತದ್ದು ಮಾರಾಯ್ರೆ! ತೆಗೀರಿ ಮೇನ್!"

ಉಮ್ಮ ಅಡುಗೆಮನೆಯಿಂದ ಓಡಿ ಬಂದರು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಅವರಿಗೂ ತಿಳಿಯಲಿಲ್ಲ.

ಮೇ 8

ನಿಂತಲ್ಲಿಂದಲೇ ಹೊರಟಿತು. ಒಂದು ಹೆಜ್ಜೆಯೂ ಹಿಂದೆ ಇಲ್ಲ!

ಮೇ 11, 12.05 ಮಧ್ಯಾಹ್ನ

ಮುಗಿಯಿತು. ಪೂರ್ತಿ ತಣಿಯಿತು. ತೂತು ಉಳಿಯಿತು.

ನಡುವಿನ ಹಾಳೆಯಲ್ಲಿ ಮೂವತ್ತೇಳು. ಮೂರು ಸಲ ಎಣಿಸಿದೆ. ತೂತಿನಿಂದ ತೂತಿಗೆ ಇರುವ ದೂರ ಸಣ್ಣ ಪೆಟ್ಟಿಗೆಯಲ್ಲಿ ಇದ್ದಷ್ಟೇ. ಪೆಟ್ಟಿಗೆಯ ಕಿತಾಪತಿಯಾಗಿದ್ದರೆ ಪೆಟ್ಟಿಗೆಯೊಂದಿಗೆ ಅದೂ ಬದಲಾಗಬೇಕಿತ್ತು. ಬದಲಾಗಲಿಲ್ಲ! ನನ್ನ ಲೆಕ್ಕ ಸರಿ. ಎಂಟು ವರ್ಷದಿಂದ ಸರಿ ಇತ್ತು!

ಹುಕ್ರಪ್ಪಣ್ಣನಿಗೆ ಪರದೆ ತೋರಿಸಿದೆ. ತುಂಬ ಹೊತ್ತು ನೋಡಿದರು. "ನೀರುದೋಸೆ" ಎಂದರು. ನಾನು ಹೇಳಿಕೊಟ್ಟಿರಲಿಲ್ಲ, ಆಣೆಗೂ ಇಲ್ಲ.

ಮೇ 13

ನಾನೊಬ್ಬಳು ಪೆದ್ದಿ. ಸಂತೋಷದ ಪೆದ್ದಿ.

ರೆಫರಿಯ ಎರಡನೇ ಪ್ರಶ್ನೆಗೆ ಜಾರಿಕೊಳ್ಳುವ ವಾಕ್ಯ ಬರೆಯುತ್ತಾ ಕೂತಿದ್ದೆ. ಬೇರೆ ಆರಂಭದಿಂದ ಹೊರಟರೂ... ಪೆನ್ನು ನಿಂತಿತು. ಹೊಸ ಆರಂಭ, ಹೊಸ ಕಣ ಎಂದಿದ್ದರಲ್ಲ ಸರ್!

ಸತ್ತ ರನ್ನಿನ ಚಿತ್ರಗಳನ್ನು ತೆಗೆದೆ. ಒಂಬತ್ತನೆಯ ದಿನದ್ದು. ಅದೇ ಶಾಖದಲ್ಲಿ ಇದ್ದಾಗಿನ ಹೊಸ ರನ್ನಿನ ಚಿತ್ರ ಪಕ್ಕದಲ್ಲಿಟ್ಟೆ. ಹಳೆಯದರಲ್ಲಿ ಮೂವತ್ತಾರು ತೂತು, ಹೊಸತರಲ್ಲಿ ಮೂವತ್ತೇಳು. ತೂತು ಬಿದ್ದ ಜಾಗಗಳೆಲ್ಲ ಬೇರೆ, ನಡುವಿನ ದೂರ ಒಂದೇ. ಎರಡು ಬೇರೆ ಆರಂಭ, ಒಂದೇ ರಚನೆ. ಅರ್ಧ ಉತ್ತರ ಹದಿನಾರು ದಿನದಿಂದ ನನ್ನ ಡಿಸ್ಕಿನಲ್ಲೇ ಇತ್ತು, ನಾನು ಅದಕ್ಕೆ ಶೋಕ ಮಾಡುತ್ತಿದ್ದೆ.

ಮೇನ್ ತೆಗೆಯದೆ ಇದ್ದಿದ್ದರೆ ನನ್ನ ಹತ್ತಿರ ಒಂದೇ ರನ್ ಇರುತ್ತಿತ್ತು.

ಮೇ 23

ಕಳಿಸಿದೆ. ಎರಡೂ ಪ್ರಶ್ನೆಗೆ ನೇರ ಉತ್ತರ. ಮೊದಲ ರನ್ ಒಂಬತ್ತನೆಯ ದಿನ ನಿಂತದ್ದನ್ನೂ ಬಿಡದೆ ಬರೆದೆ.

ಸರ್ ಫೋನಿನಲ್ಲಿ ತಗಾದೆ. "ಕೃತಜ್ಞತೆಯಲ್ಲಿ ಹುಕ್ರಪ್ಪ, ಎರಡನೆಯ ರನ್ನಿಗಾಗಿ ಅಂತ ಬರೆದಿದ್ದೀಯಲ್ಲ, ಅವರು ಅದಕ್ಕೆ ಮಾಡಿದ್ದೆಂಥ?"

"ಮೊದಲನೆಯದನ್ನು ಕೊಂದ್ರು, ಸರ್."

ಕೆಮ್ಮು ಬರುವವರೆಗೆ ನಕ್ಕರು. "ಇರ್ಲಿ" ಎಂದರು.

ಜೂನ್ 21

ಸಿದ್ಧಕಟ್ಟೆಯಲ್ಲಿ ಬಸ್ ನಿಂತಿತ್ತು. ಮೊಬೈಲ್ ತೆರೆದೆ. ಒಪ್ಪಿದ್ದಾರೆ. ಒಂದು ಅಕ್ಷರ ತಿದ್ದದೆ ಒಪ್ಪಿದ್ದಾರೆ! "ಅತ್ಯಂತ ಮನವರಿಕೆಯಾಗುವ ಉತ್ತರ" — ಅದೇ ರೆಫರಿ, ಅದೇ ಹೆಸರಿಲ್ಲದ ಪುಣ್ಯಾತ್ಮ!

ಕೂಗಿದೆ, ಬಸ್ಸಿನೊಳಗೆ. ಕಂಡಕ್ಟರ್ ಹತ್ತಿರ ಬಂದು, "ಏನಾಯ್ತಕ್ಕ, ಪರ್ಸ್ ಹೋಯ್ತಾ?" ಎಂದ. ಇಲ್ಲ, ಪಾಸಾದೆ ಎಂದೆ. ಮೂವತ್ತೆಂಟರ ಹೆಂಗಸನ್ನು ಮೇಲಿಂದ ಕೆಳಗೆ ನೋಡಿ, "ಒಳ್ಳೇದಾಯ್ತು" ಎಂದ.

ಉಮ್ಮನಿಗೆ ಫೋನ್. "ತೂತು ಒಪ್ಪಿದ್ರಾ?" ಅಷ್ಟೇ ಕೇಳಿದರು. ಹೂಂ ಎಂದೆ. ಆಮೇಲೆ ಇಬ್ಬರೂ ಫೋನ್ ಇಡಲಿಲ್ಲ.

ಜೂನ್ 28

ಥೀಸಿಸ್ ಕೊಟ್ಟೆ. ಎರಡು ದಿನ ಮೊದಲೇ.

ಅಕ್ಟೋಬರ್ 14, 4.45 ಸಂಜೆ. ಲ್ಯಾಬಿನಲ್ಲಿ

ಬೆಳಿಗ್ಗೆ ವೈವಾ ಮುಗಿಯಿತು. ಡಾಕ್ಟರ್ ಶಹಲಾ. ಬರೆದು ನೋಡಿದೆ, ಚಂದ ಕಾಣುತ್ತದೆ. ಉಮ್ಮ ಸಭಾಂಗಣದ ಮೊದಲ ಸಾಲಿನಲ್ಲಿ ಕೂತಿದ್ದರು. ಪರೀಕ್ಷಕರು ಚಿತ್ರ ತೋರಿಸಿ ಪ್ರಶ್ನೆ ಕೇಳಿದಾಗಲೆಲ್ಲ ಅವರೇ ಉತ್ತರ ಹೇಳುವವರ ಹಾಗೆ ತಲೆಯಾಡಿಸುತ್ತಿದ್ದರು.

ಸಂಜೆ ಪೇಪರಿನ ಪ್ರತಿ ಹಿಡಿದು ಇಲ್ಲಿಗೆ ಬಂದೆ. ಹುಕ್ರಪ್ಪಣ್ಣ ಕನ್ನಡಕ ಹಾಕಿ ಕೊನೆಯ ಪುಟ ತಿರುಗಿಸಿದರು. ಅವರ ಹೆಸರಿನಡಿ ಬೆರಳಿಟ್ಟೆ. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದರು.

"ಇದನ್ನು ಯಾರು ಓದ್ತಾರೆ ಮೇಡಂ?"

"ಇಡೀ ಪ್ರಪಂಚದಲ್ಲಿ ಒಂದು ಇನ್ನೂರು ಜನ."

"ಅಷ್ಟು ಜನವಾ!"

ನನ್ನ ಎಂಟು ವರ್ಷಕ್ಕೆ ಇಷ್ಟು ದೊಡ್ಡ ಬೆಲೆ ಯಾರೂ ಕಟ್ಟಿರಲಿಲ್ಲ.

ಕುಸುಮರಿಗೆ ತೋರಿಸಿ ಬರುತ್ತೇನೆಂದು ಪ್ರತಿ ತೆಗೆದುಕೊಂಡು ಹೋದರು. ಹೋಗುವಾಗ ಸೊಂಟದ ಕೀಗೊಂಚಲು ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು. "ನೋಡಿಕೊಳ್ಳಿ, ಡಾಕ್ಟ್ರೇ." ಇಪ್ಪತ್ತೆರಡು ವರ್ಷದಲ್ಲಿ ಯಾರ ಕೈಗೂ ಕೊಟ್ಟದ್ದಲ್ಲ.

ಒಳಗೆ ವಿದ್ಯಾರ್ಥಿಗಳ ಪ್ರಾಜೆಕ್ಟ್ ಓಡುತ್ತಿದೆ, ಇಪ್ಪತ್ತೊಂಬತ್ತರಲ್ಲೂ. ಹದಿನೇಳು ಈಗಲೂ ಸತ್ತೇ ಇದೆ. ಕಿಟಕಿಯಾಚೆ ಪೂರ್ವದ ಕಡೆ ಕಪ್ಪು...

ಗುಡುಗು. ಹತ್ತಿರವೇ.

ಕೆಂಪು ಬಟನ್ ಒತ್ತಿ ಬಂದೆ. ಹಸಿರು ಎಣಿಸುತ್ತಿದ್ದೇನೆ. ಇಪ್ಪತ್ತೇಳು, ಇಪ್ಪತ್ತೆಂಟು, ಇಪ್ಪತ್ತೊಂಬತ್ತು. ಈ ಸಲ ಮೇನ್ ನಾನೇ —